ಶಿರಾಡಿ ಇಳಿಯುವ ಮೊದಲು

ಸಕಲೇಶಪುರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾರು ಒಂದು ಕಡೆಗೆ ಎಳೆಯುತ್ತೆ, ಹಾಸನದಿಂದ ಮಂಗಳೂರಿಗೆ ಹೊರಡುವ ಮೊದಲು ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿ ಮಾಡುವುದು) ಮಾಡಿಸ್ತೀನಿ ಅಂತ ಫೋನಿನಲ್ಲಿ ಹೇಳಿದೆಯಲ್ಲ. ಮಾಡಿಸು, ಬೇಡ ಅನ್ನಲ್ಲ. ಆದರೆ ಯಾವಾಗ ಎಳೆಯುತ್ತೆ, ಯಾವ ಕಡೆಗೆ ಎಳೆಯುತ್ತೆ ಅಂತ ಮೊದಲು ನೀನೇ ನೋಡಿಕೋ. ಅದು ಗೊತ್ತಿಲ್ಲದೆ ಗ್ಯಾರೇಜಿಗೆ ಹೋದರೆ ಸುಮ್ನೆ ದುಡ್ಡು ದಂಡ.

ಎಡಕ್ಕೆ ಒಂಚೂರು ವಾಲಿದರೆ ಗಾಬರಿ ಬೇಡ. ಮಳೆ ನೀರು ಹರಿದುಹೋಗಲಿ ಅಂತ ರಸ್ತೆಯ ನಡುವೆ ಎತ್ತರಿಸಿ, ಅಂಚಿಗೆ ಇಳಿಜಾರು ಕೊಟ್ಟಿರುತ್ತಾರೆ. ನಾವು ಎಡಗಡೆ ಓಡಿಸುವವರು, ಗಾಡಿಯೂ ಎಡಕ್ಕೇ ಜಾರುತ್ತದೆ. ಬಲಕ್ಕೆ ಎಳೆದರೆ ಮಾತ್ರ ರಸ್ತೆಯನ್ನು ದೂರಬೇಡ. ನೋಡ್ತೀನಿ ಅಂತ ಸ್ಟೇರಿಂಗಿನಿಂದ ಎರಡೂ ಕೈ ಬಿಡಬೇಡ, ಹಿಡಿತ ಸಡಿಲ ಮಾಡಿದರೆ ಸಾಕು.

ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಗಾಳಿ ಚೆಕ್ ಮಾಡಿಸು. ಎಷ್ಟು ಹಾಕಿಸಬೇಕು ಅಂತ ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರಿನಲ್ಲೇ ಇರುತ್ತದೆ. ಮುಂದಿನ ಚಕ್ರಗಳಲ್ಲಿ ಗಾಳಿ ಕಡಿಮೆ ಇರುವ ಕಡೆಗೆ ಗಾಡಿ ಎಳೆಯುತ್ತದೆ. ಗಾಳಿ ಸರಿಯಿದ್ದೂ ಎಳೆದರೆ ಮುಂದಿನ ಎರಡು ಚಕ್ರಗಳನ್ನು ಅದಲು ಬದಲು ಮಾಡಿಸಿ ಓಡಿಸು. ಎಳೆತವೂ ಪಕ್ಕ ಬದಲಾಯಿಸಿದರೆ ತಪ್ಪು ಟೈರಿನದೇ. ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಹೀಗೆ ಬದಲಿಸಬಾರದು.

ಗುಂಡಿಗೆ ಜೋರಾಗಿ ಬಿದ್ದ ಮೇಲೆ ಶುರುವಾಗಿದ್ದರೆ ಅಲೈನ್‌ಮೆಂಟ್ ಮಾಡಿಸುವುದು ಸರಿಯೇ. (ಮಳೆಗಾಲದಲ್ಲಿ ನಮ್ಮ ಕಡೆ ಗುಂಡಿ ತಪ್ಪಿಸಿದವರು ಯಾರು!) ಆದರೆ ಚಕ್ರವನ್ನು ಗಾಡಿಗೆ ಹಿಡಿದಿಡುವ ಕೀಲುಗಳು, ಅಂದರೆ ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್ ಸವೆದಿದ್ದರೆ ಮೊದಲು ಅವನ್ನು ಹೊಸದಾಗಿ ಹಾಕಿಸಬೇಕು. ಇಲ್ಲದಿದ್ದರೆ ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ.

ನನಗೆ ಚಿಂತೆ ಇರುವುದು ಬ್ರೇಕಿನದು. ಬ್ರೇಕ್ ಒತ್ತಿದಾಗ ಮಾತ್ರ ಎಳೆಯುತ್ತಾ? ಹಾಗಾದರೆ ಮುಂದಿನ ಎರಡು ಚಕ್ರ ಒಂದೇ ಸಮ ಹಿಡಿಯುತ್ತಿಲ್ಲ ಅಂತ ಅನುಮಾನ ಪಡು. ಜಾಸ್ತಿ ಹಿಡಿಯುವ ಕಡೆಗೆ ಗಾಡಿ ತಿರುಗುತ್ತದೆ. ಬಲಕ್ಕೆ ಎಳೆದರೆ ಕೆಟ್ಟಿರುವುದು ಎಡಗಡೆಯ ಬ್ರೇಕೂ ಇರಬಹುದು, ಎರಡನ್ನೂ ಬಿಚ್ಚಿ ತೋರಿಸು ಅಂತ ಮೆಕ್ಯಾನಿಕ್‌ಗೆ ಹೇಳು. ಬ್ರೇಕ್ ಒತ್ತದಿದ್ದರೂ ಸದಾ ಎಳೆಯುತ್ತಿದ್ದರೆ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಚಕ್ರದ ಡಿಸ್ಕಿಗೆ ಒತ್ತುವ ಭಾಗ) ಜಾಮ್ ಆಗಿ ಪ್ಯಾಡ್ ಉಜ್ಜುತ್ತಿರಬಹುದು. ಚನ್ನರಾಯಪಟ್ಟಣದ ಕಡೆ ಹೈವೇಯಲ್ಲಿ, ಬ್ರೇಕ್ ಆದಷ್ಟು ಕಡಿಮೆ ಬಳಸಿ, ಸ್ವಲ್ಪ ದೂರ ಓಡಿಸಿ ನಿಲ್ಲಿಸು. ಚಕ್ರದ ಹತ್ತಿರ ಕೈ ಹಿಡಿದು ನೋಡು, ಮುಟ್ಟಬೇಡ. ಒಂದು ಕಡೆ ಮಾತ್ರ ಕಾವು ಹೊಡೆದರೆ ಅದೇ ಚಕ್ರ. ಘಾಟಿ ಇಳಿದ ಮೇಲೆ ನೋಡಿದರೆ ಗೊತ್ತಾಗಲ್ಲ, ಆಗ ಎರಡೂ ಕಾದಿರುತ್ತವೆ.

ಬ್ರೇಕಿನ ಅನುಮಾನ ಬಂದರೆ ಕಾರನ್ನು ಹಾಸನದಲ್ಲೇ ಬಿಟ್ಟು ಮಂಗಳೂರಿಗೆ ಬಸ್ಸಿನಲ್ಲಿ ಹೋಗು. ಶಿರಾಡಿಯ ತಿರುವಿನಲ್ಲಿ ಎದುರಿಗೆ ಟ್ಯಾಂಕರ್ ಬರುವಾಗ ಗಾಡಿ ಬಲಕ್ಕೆ ಎಳೆಯಬಾರದು.

ಇದೆಲ್ಲ ನೋಡಿಕೊಂಡು ಬೆಳಿಗ್ಗೆಯೇ ಫೋನ್ ಮಾಡು. ಆಮೇಲೆ ತೋಟದಲ್ಲಿರ್ತೀನಿ, ಸಿಗ್ನಲ್ ಸಿಗಲ್ಲ.

ನಿನ್ನ
ದೊಡ್ಡಪ್ಪ