ಮೆಣಸಿನ ಆಮದು ನಿಯಮ ಬರೆಯುವ ಮೊದಲು ಬೆಳೆಗಾರರನ್ನೂ ಕೇಳಿ

ಮಾನ್ಯ ಸಂಪಾದಕರೇ,

ಶ್ರೀಲಂಕಾ ಜೊತೆಗಿನ ವ್ಯಾಪಾರ ಒಪ್ಪಂದವನ್ನು ದೊಡ್ಡದು ಮಾಡುವ ಮಾತುಕತೆ 2016ರಲ್ಲಿ ಶುರುವಾಗಿ, ಮಧ್ಯೆ ಕೆಲವು ವರ್ಷ ನಿಂತು, 2023ರ ಕೊನೆಗೆ ಮತ್ತೆ ಆರಂಭವಾಯಿತು. ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ ದೇಶಗಳ ಜೊತೆಗಿನ ಒಪ್ಪಂದವನ್ನೂ ಮರುಪರಿಶೀಲನೆಗೆ ತೆಗೆದುಕೊಂಡಿದ್ದಾರೆ. ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬಂದು ಹೋಗುವ ಸುದ್ದಿ ಇದು. ಆದರೆ ಕೊಡಗಿನಲ್ಲಿ ಕಾಫಿ ತೋಟದ ನೆರಳು ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿಕೊಂಡು, ಆ ಮೆಣಸಿನ ದುಡ್ಡಲ್ಲಿ ಮಕ್ಕಳ ಫೀಸು, ಕಾರ್ಮಿಕರ ಬಟವಾಡೆ, ಸೊಸೈಟಿ ಸಾಲ ಎಲ್ಲ ನಿಭಾಯಿಸುವ ನಮ್ಮಂಥವರಿಗೆ ಇದೇ ಮುಖಪುಟದ ಸುದ್ದಿ. ಅದಕ್ಕೇ ಈ ಪತ್ರ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಯಾಕೆಂದರೆ ಕಾಯಿಲೆ ಇರುವುದು ಈ ಲೆಕ್ಕದಲ್ಲೇ. ಹೊರದೇಶದ ಕಾಳುಮೆಣಸಿಗೆ ನಮ್ಮ ಸಾಮಾನ್ಯ ಆಮದು ಸುಂಕ ಶೇ 70. ಆಸಿಯಾನ್ ಒಪ್ಪಂದದ ಪ್ರಕಾರ ವಿಯೆಟ್ನಾಂ, ಇಂಡೋನೇಷ್ಯಾ ಮೆಣಸಿಗೆ ಅದು ಮೆಲ್ಲಮೆಲ್ಲಗೆ ಇಳಿದು ಶೇ 50ಕ್ಕೆ ಬಂತು. ಶ್ರೀಲಂಕಾದಿಂದ ಬಂದರೆ? 2000ನೇ ಇಸವಿಯಲ್ಲಿ ಜಾರಿಗೆ ಬಂದ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್‌ವರೆಗೆ ಸುಂಕವೇ ಇಲ್ಲ. ಅದಕ್ಕಿಂತ ಜಾಸ್ತಿ ಬಂದರೂ ದಕ್ಷಿಣ ಏಷ್ಯಾ ದೇಶಗಳ ನಡುವಿನ ಸಾಫ್ಟಾ ವ್ಯಾಪಾರ ಒಪ್ಪಂದದಲ್ಲಿ ಶೇ 8 ಮಾತ್ರ. ಅಂದರೆ ಕಿಲೋಗೆ ₹400 ಬೆಲೆಯ ಮೆಣಸು ವಿಯೆಟ್ನಾಂನಿಂದ ನೇರವಾಗಿ ಬಂದರೆ ₹200 ಸುಂಕ ಕಟ್ಟಬೇಕು. ಅದೇ ಮೂಟೆಯನ್ನು ಕೊಲಂಬೊದಲ್ಲಿ ಇಳಿಸಿ, ಲಂಕಾದ ಮೆಣಸು ಅಂತ ಕಾಗದ ಮಾಡಿಸಿ ಕಳಿಸಿದರೆ ₹32, ಇಲ್ಲವೇ ಏನೂ ಇಲ್ಲ. ಇಷ್ಟು ದೊಡ್ಡ ಅಂತರ ಇಟ್ಟುಕೊಂಡು ಕಳ್ಳದಾರಿ ಹುಟ್ಟಬಾರದು ಅಂದರೆ ಹೇಗೆ? ಬೇಲಿಯಲ್ಲಿ ಕಂಡಿ ಬಿಟ್ಟು ಆನೆ ಬಂತು ಎಂದು ಗೋಳಾಡಿದ ಹಾಗೆ.

ಇದರ ಪೆಟ್ಟು ಎಲ್ಲಿ ಬೀಳುತ್ತದೆ ಎನ್ನುವುದನ್ನು ಮಾರ್ಚ್ ತಿಂಗಳಲ್ಲಿ ನಮ್ಮ ಯಾವುದೇ ಪೇಟೆಯ ಮೆಣಸಿನ ಅಂಗಡಿ ಮುಂದೆ ನಿಂತರೆ ನೋಡಬಹುದು. ಬೆಳೆಗಾರ ಚೀಲ ಬಿಚ್ಚುತ್ತಾನೆ. ವ್ಯಾಪಾರಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ಉರುಳಿಸಿ, ಊದಿ, ಒಂದು ಕಾಳು ಹಲ್ಲಿಗೆ ಹಾಕಿ ಕಚ್ಚುತ್ತಾನೆ. ಆಮೇಲೆ ಲೀಟರ್ ಡಬ್ಬಕ್ಕೆ ತುಂಬಿ, ಮೇಲೆ ಪಟ್ಟಿ ಎಳೆದು ಸಮ ಮಾಡಿ ತೂಕಕ್ಕೆ ಇಡುತ್ತಾನೆ. 550 ಗ್ರಾಂ ಬಂದರೆ ಒಳ್ಳೆ ಮಾಲು, ಕಮ್ಮಿ ಬಂದರೆ ರೇಟಿನಲ್ಲಿ ಕಡಿತ. ತೇವ ಸ್ವಲ್ಪ ಜಾಸ್ತಿ ಇದ್ದರೂ ಕಡಿತ. ಏಣಿ ಹತ್ತಿ ಕೊಯ್ದು, ಬಿಡಿಸಿ, ಕಣದಲ್ಲಿ ಹರಡಿ, ಮಧ್ಯಾಹ್ನ ಮೋಡ ಕಂಡರೆ ಓಡಿ ಹೋಗಿ ಟಾರ್ಪಾಲು ಹೊದಿಸಿ ಒಣಗಿಸಿದ ಮೆಣಸಿಗೆ ಇಷ್ಟು ಪರೀಕ್ಷೆ. ಇದು ಸರಿಯೇ, ನನ್ನ ತಕರಾರು ಇಲ್ಲ. ಆದರೆ ಹಡಗಿನಲ್ಲಿ ಬರುವ ಮೆಣಸು ಯಾವ ದೇಶದ ಬಳ್ಳಿಯಲ್ಲಿ ಬಿಟ್ಟದ್ದು ಎಂದು ಹೇಳುವುದು ಒಂದು ಕಾಗದ. ಅದು ಒಳಗೆ ಬಂದು ನಮ್ಮ ಮಾಲಿನ ಜೊತೆ ಸೇರಿದ ಮೇಲೆ ಬರಿಗಣ್ಣಿಗೆ ಬೇರೆ ಮಾಡಲು ಆಗುವುದಿಲ್ಲ. ದರ ಬಿದ್ದಾಗ ಮಾತ್ರ ಗೊತ್ತಾಗುತ್ತದೆ. 2016ರ ಸುಮಾರಿಗೆ ₹700ರ ಹತ್ತಿರ ಇದ್ದ ದರ ಎರಡು ಮೂರು ವರ್ಷದಲ್ಲಿ ₹400ಕ್ಕಿಂತ ಕೆಳಗೆ ಜಾರಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ವಿಯೆಟ್ನಾಂ ಫಸಲು ಜಾಸ್ತಿ ಆಗಿ ಜಗತ್ತಿನಲ್ಲೇ ದರ ಬಿದ್ದಿತ್ತು, ಒಪ್ಪುತ್ತೇನೆ. ಆದರೆ ಆ ಹೊಡೆತ ನಮ್ಮ ಮನೆಬಾಗಿಲಿಗೆ ಬಂದದ್ದು ಈ ಕಂಡಿಯಿಂದಲೂ ಹೌದು.

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದು. ಈ ವಿಷಯದಲ್ಲಿ ಶ್ರೀಲಂಕಾದ ಮೆಣಸು ಬೆಳೆಗಾರ ನಮ್ಮ ಎದುರಾಳಿ ಅಲ್ಲ. ಅವನಿಗೂ ನಮ್ಮಷ್ಟೇ ನಷ್ಟ. ಖಾರ, ಎಣ್ಣೆ ಅಂಶ ಜಾಸ್ತಿ ಅಂತ ಲಂಕಾ ಮೆಣಸಿಗೆ ಒಳ್ಳೆ ಹೆಸರಿದೆ. ಅದರ ಹೆಸರಲ್ಲಿ ಬೇರೆ ದೇಶದ ಮಾಲು ಹೋದರೆ ಹೆಸರು ಕೆಡುವುದು ಅವರದ್ದು, ಸುಂಕವಿಲ್ಲದ 2,500 ಟನ್ ಪಾಲನ್ನು ಕಳೆದುಕೊಳ್ಳುವುದೂ ಅವರೇ. 2017ರ ಕೊನೆಯಲ್ಲಿ ಶ್ರೀಲಂಕಾ ಸರ್ಕಾರವೇ ಮೆಣಸು, ಅಡಿಕೆ ಥರದ ಬೆಳೆಗಳನ್ನು ಹೊರಗಿಂದ ತರಿಸಿ ಮತ್ತೆ ರಫ್ತು ಮಾಡುವುದನ್ನು ನಿಷೇಧಿಸಿತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ, 2017ರ ಡಿಸೆಂಬರಿನಲ್ಲಿ, ನಮ್ಮ ಸರ್ಕಾರ ಕಿಲೋಗೆ ₹500 ಕನಿಷ್ಠ ಆಮದು ದರ ನಿಗದಿ ಮಾಡಿತು. 2018ರ ಮಾರ್ಚಿನಲ್ಲಿ ಅದಕ್ಕಿಂತ ಕಡಿಮೆ ದರದ ಆಮದನ್ನೇ ನಿಷೇಧಿಸಿತು. ಎರಡು ದೇಶ, ಒಂದೇ ಕಾಯಿಲೆ, ಒಂದೇ ಸಮಯ. ಆದರೆ ಔಷಧಿ ಮಾತ್ರ ಬೇರೆ ಬೇರೆ. ಇಬ್ಬರೂ ಕೂತು ಒಂದೇ ನಿಯಮ ಮಾಡಿಕೊಂಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಲ್ವಾ?

₹500ರ ನಿಯಮದಿಂದ ನಮಗೆ ಆ ಹೊತ್ತಿಗೆ ಉಸಿರು ಬಂತು, ಅದನ್ನು ತಂದವರಿಗೆ ಈಗಲೂ ಋಣಿಯಾಗಿದ್ದೇನೆ. ಆದರೂ ಅದರಲ್ಲಿ ಎರಡು ತೊಂದರೆ. ಬಿಲ್ಲಿನಲ್ಲಿ ₹500 ಎಂದು ಬರೆದುಬಿಟ್ಟರೆ ಮುಗಿಯಿತು, ನಿಜವಾದ ದರ ಎಷ್ಟಿತ್ತು ಎಂದು ಹುಡುಕುವುದು ಕಷ್ಟ. ಎರಡನೆಯದು, ಮಾರುಕಟ್ಟೆ ದರವೇ ₹600 ದಾಟಿದ ಮೇಲೆ ಆ ನಿಯಮ ಇದ್ದೂ ಇಲ್ಲದ ಹಾಗೆ. ನಿಜವಾಗಿ ಲಂಕಾದಲ್ಲೇ ಬೆಳೆದ ಮೆಣಸಿಗೆ ದರ ಕಮ್ಮಿ ಇದ್ದಾಗ ಅದು ತಡೆ ಹಾಕುತ್ತದೆ, ಮೋಸದ ಮಾಲನ್ನು ದರ ಏರಿದಾಗ ಒಳಗೆ ಬಿಡುತ್ತದೆ. ಸಮಸ್ಯೆ ಇರುವುದು ಮಾಲಿನ ಮೂಲ ಯಾವ ದೇಶ ಎನ್ನುವುದರಲ್ಲಿ, ನಾವು ಹಿಡಿದದ್ದು ಬೆಲೆಯನ್ನು.

ಮೂಲ ಪತ್ತೆ ಮಾಡುವ ಅಧಿಕಾರ ಕಸ್ಟಮ್ಸ್ ಇಲಾಖೆಗೆ 2020ರ ಸೆಪ್ಟೆಂಬರಿನಿಂದ ಹೊಸ ನಿಯಮದಲ್ಲಿ ಸಿಕ್ಕಿದೆ. ಆಮದುದಾರ ಸುಮ್ನೆ ಪ್ರಮಾಣಪತ್ರ ತೋರಿಸಿದರೆ ಸಾಲದು, ಮಾಲು ಎಲ್ಲಿಯದು ಎನ್ನುವ ವಿವರ ಅವನ ಬಳಿಯೇ ಇರಬೇಕು. ಒಳ್ಳೆಯ ಹೆಜ್ಜೆ. ಆದರೆ ಇದು ಈ ಕಡೆಯ ದಡದ ನಿಯಮ ಮಾತ್ರ. ಆ ಕಡೆಯ ದಡದಲ್ಲಿ ಯಾವ ಊರಿನ ಬೆಳೆಗಾರನಿಂದ ಎಷ್ಟು ಕೊಂಡದ್ದು ಎಂಬ ಖರೀದಿ ಚೀಟಿ ಪ್ರಮಾಣಪತ್ರಕ್ಕೆ ಅಂಟಿಕೊಂಡೇ ಬರಬೇಕು. ಅಲ್ಲಿನ ಬೆಳೆ ಎಷ್ಟು, ರಫ್ತಾದದ್ದು ಎಷ್ಟು ಎಂದು ಎರಡೂ ಸರ್ಕಾರ ತಿಂಗಳು ತಿಂಗಳು ಲೆಕ್ಕ ತಾಳೆ ನೋಡಬೇಕು. ತೇವಾಂಶ, ಕೀಟನಾಶಕ, ಖಾರದ ಅಂಶ, ಇವನ್ನು ಎರಡೂ ಕಡೆ ಒಂದೇ ವಿಧಾನದಲ್ಲಿ ಪರೀಕ್ಷಿಸಿ, ಒಬ್ಬರ ವರದಿಯನ್ನು ಇನ್ನೊಬ್ಬರು ಒಪ್ಪುವಂತಾದರೆ ಪ್ರಾಮಾಣಿಕ ಲಂಕಾ ವ್ಯಾಪಾರಿಯ ಮಾಲು ಬಂದರಿನಲ್ಲಿ ಕೊಳೆಯುವುದೂ ತಪ್ಪುತ್ತದೆ. ಮತ್ತೆ ಆ 2,500 ಟನ್ ಒಟ್ಟಿಗೆ ನಮ್ಮ ಕೊಯ್ಲಿನ ಫೆಬ್ರವರಿಯಿಂದ ಏಪ್ರಿಲ್ ನಡುವೆ ಬಂದು ಬೀಳದಂತೆ ವರ್ಷಕ್ಕೆ ಹಂಚಬೇಕು. ಇದನ್ನೆಲ್ಲ ಮಾತಾಡಲು ಹೊಸ ಜಾಗವೂ ಬೇಡ. ಜಕಾರ್ತಾದಲ್ಲಿ 1972ರಿಂದ ಅಂತರರಾಷ್ಟ್ರೀಯ ಮೆಣಸು ಸಮುದಾಯ ಅಂತ ಸಂಸ್ಥೆ ಇದೆ. ಭಾರತ, ಶ್ರೀಲಂಕಾ, ವಿಯೆಟ್ನಾಂ ಮೂರೂ ಅದರ ಸದಸ್ಯರು.

ಇನ್ನು ಯಾರನ್ನು ಕೇಳುತ್ತಾರೆ ಎನ್ನುವ ವಿಷಯ. 2025ರ ಜನವರಿಯಲ್ಲಿ ವಿದೇಶ ವ್ಯಾಪಾರ ನೀತಿಗೆ ಒಂದು ತಿದ್ದುಪಡಿ ಬಂತು. ಆಮದು ರಫ್ತು ನೀತಿ ಬದಲಿಸುವ ಮೊದಲು ಸಂಬಂಧಪಟ್ಟವರ ಅಭಿಪ್ರಾಯ ಕೇಳಬೇಕು ಎನ್ನುತ್ತದೆ ಅದು. ಓದಿ ನಿಜಕ್ಕೂ ಖುಷಿಯಾಯಿತು. ಆದರೆ ಅಲ್ಲಿ ಹೆಸರಿಸಿರುವುದು ಆಮದುದಾರರು, ರಫ್ತುದಾರರು ಮತ್ತು ಉದ್ಯಮದ ತಜ್ಞರನ್ನು. ಬೆಳೆಗಾರ ಎಂಬ ಪದವನ್ನೂ ಅಲ್ಲಿ ಸೇರಿಸಬೇಕು. ಮೆಣಸಿನಿಂದ ಓಲಿಯೋರೆಸಿನ್, ಅಂದರೆ ಖಾರ, ಪರಿಮಳ ಎರಡೂ ಇರುವ ಗಟ್ಟಿ ಸಾರ, ತೆಗೆಯುವ ಕಾರ್ಖಾನೆಯವರಿಗೆ ರಫ್ತಿಗಾಗಿ ಸುಂಕವಿಲ್ಲದೆ ಮೆಣಸು ತರಿಸುವ ಅವಕಾಶ ಇದೆ, ಅವರು ತಮ್ಮ ಮಾತನ್ನು ದೆಹಲಿಯಲ್ಲಿ ಚೆನ್ನಾಗಿಯೇ ಹೇಳಿಕೊಳ್ಳುತ್ತಾರೆ, ಹೇಳಲಿ, ಅವರದ್ದೂ ನ್ಯಾಯವೇ. ನಮ್ಮ ಕಡೆ ದೊಡ್ಡ ಪ್ಲಾಂಟರುಗಳ ಸಂಘಗಳು ವರ್ಷಗಳಿಂದ ಮನವಿ ಕೊಡುತ್ತಾ ಬಂದಿವೆ, ಅವರ ಓಡಾಟ ಇಲ್ಲದಿದ್ದರೆ ₹500ರ ನಿಯಮವೂ ಬರುತ್ತಿರಲಿಲ್ಲ. ಆದರೆ ಎರಡು ಎಕರೆ, ನಾಲ್ಕು ಎಕರೆಯವರ ಮಾತು ಎಲ್ಲೂ ತಲುಪುವುದಿಲ್ಲ. ದೇಶದಲ್ಲೇ ಹೆಚ್ಚು ಮೆಣಸು ಬೆಳೆಯುವ ರಾಜ್ಯ ಈಗ ಕರ್ನಾಟಕ. ಅಭಿಪ್ರಾಯ ಕೇಳುವ ಪ್ರಕಟಣೆ ಇಂಗ್ಲಿಷಿನಲ್ಲಿ ಒಂದು ವೆಬ್‌ಸೈಟಿನ ಮೂಲೆಯಲ್ಲಿ ಇದ್ದರೆ ಸೋಮವಾರಪೇಟೆಯ, ನಾಪೋಕ್ಲುವಿನ ಸಣ್ಣ ಬೆಳೆಗಾರನಿಗೆ ಗೊತ್ತಾಗುವುದು ಯಾವಾಗ?

ಆದ್ದರಿಂದ ಕೇಂದ್ರದ ಸಾಂಬಾರ ಮಂಡಳಿಗೆ (ಸ್ಪೈಸಸ್ ಬೋರ್ಡ್), ನಮ್ಮ ಸಂಸದರಿಗೆ ನನ್ನ ಕೋರಿಕೆ ಇಷ್ಟು. ಕರಡು ನಿಯಮವನ್ನು ಕನ್ನಡದಲ್ಲಿ ಪ್ರಕಟಿಸಿ ಪಂಚಾಯಿತಿಗಳಿಗೆ ಕಳಿಸಿ. ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಒಂದು ಬಹಿರಂಗ ಸಭೆ ಇಡಿ, ಸಾಧ್ಯವಾದರೆ ಶ್ರೀಲಂಕಾದ ಬೆಳೆಗಾರರ ಪ್ರತಿನಿಧಿಗಳನ್ನೂ ಕರೆಸಿ. ಸಭೆಯಲ್ಲಿ ಯಾರು ಏನು ಹೇಳಿದರು, ಅದರಲ್ಲಿ ಯಾವುದನ್ನು ಒಪ್ಪಿದಿರಿ, ಯಾವುದನ್ನು ಯಾಕೆ ಬಿಟ್ಟಿರಿ ಎಂದು ಬರೆದು ಹಾಕಿ. ಸಭೆಯನ್ನು ಡಿಸೆಂಬರಿನಿಂದ ಏಪ್ರಿಲ್ ನಡುವೆ ಮಾತ್ರ ಇಡಬೇಡಿ. ಆಗ ಕಾಫಿ ಕೊಯ್ಲು, ಅದರ ಬೆನ್ನಿಗೇ ಮೆಣಸು ಕೊಯ್ಲು, ತೋಟ ಬಿಟ್ಟು ಬರಲು ಯಾರಿಗೂ ಆಗುವುದಿಲ್ಲ. ಮಳೆ ಕಡಿಮೆಯಾದ ಮೇಲೆ, ಅಕ್ಟೋಬರಿನಲ್ಲಿ ಇಟ್ಟರೆ ಎಲ್ಲರೂ ಬರುತ್ತೇವೆ.

ಇಂತಿ,
ಒಬ್ಬ ಕಾಫಿ, ಮೆಣಸು ಬೆಳೆಗಾರ
ಸುಂಟಿಕೊಪ್ಪ, ಕೊಡಗು