ಕಾಯುತ್ತೇವೆ, ಆದರೆ ಕ್ಯೂನಲ್ಲಿ ಅಲ್ಲ

ಸಂಪಾದಕರಿಗೆ,

ಮಾನ್ಯರೇ,

ರಜೆಯಲ್ಲಿ ಮಕ್ಕಳನ್ನು ಥೀಮ್ ಪಾರ್ಕ್‌ಗೆ ಕರೆದುಕೊಂಡು ಹೋಗುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಆಟಿಸಂ (ಮಿದುಳಿನ ಬೆಳವಣಿಗೆಯಲ್ಲಿ ಹುಟ್ಟಿನಿಂದಲೇ ಇರುವ ವ್ಯತ್ಯಾಸ) ಇರುವ ಮಗುವಿನ ತಾಯಿ ನಾನು. ಅದರಲ್ಲಿ ಬಿಟ್ಟುಹೋದ ಒಂದು ಮಾತು ಹೇಳಬೇಕು ಅನ್ನಿಸಿತು: ಇಂಥ ಮಕ್ಕಳಿಗೆ ಕ್ಯೂನಲ್ಲಿ ನಿಲ್ಲುವುದೇ ದೊಡ್ಡ ಕಷ್ಟ.

ನನ್ನ ಮಗನಿಗೆ 8 ವರ್ಷ. ಆಟಗಳೆಂದರೆ ಅವನಿಗೆ ಹೆದರಿಕೆಯೇ ಇಲ್ಲ. ಮೇಲೇರಿ ಗಿರಗಿರ ತಿರುಗುವ ಉಯ್ಯಾಲೆಯಲ್ಲಿ ಕೂತರೆ ಮುಖ ಅರಳುತ್ತದೆ. ಕಷ್ಟ ಇರುವುದು ಅದನ್ನು ಹತ್ತುವವರೆಗಿನ ಮುಕ್ಕಾಲು ಗಂಟೆಯಲ್ಲಿ. ಹೋದ ಸಲ ಕ್ಯೂನಲ್ಲಿ ಹಿಂದಿನವರು ಮೈಗೆ ತಾಗುತ್ತಿದ್ದರು, ತಲೆ ಮೇಲೆಯೇ ಸ್ಪೀಕರ್ ಕಿರುಚುತ್ತಿತ್ತು. ಕ್ಯೂ ಯಾವಾಗ ಮುಂದೆ ಸರಿಯುತ್ತದೋ ಗೊತ್ತಿಲ್ಲ. ಅವನು ಕಬ್ಬಿಣದ ಕಂಬಿಯನ್ನು ಬೆರಳಿನಿಂದ ಬಡಿಯುತ್ತಾ ಎಣಿಸಿದ, ಇನ್ನೂರರ ತನಕ. ಆಮೇಲೆ ಎರಡೂ ಕಿವಿ ಒತ್ತಿ ಹಿಡಿದು, ನೆಲಕ್ಕೆ ಕುಸಿದು ಕಿರುಚಲು ಶುರು ಮಾಡಿದ.

"ಎರಡು ಏಟು ಬಿದ್ದರೆ ಸರಿಹೋಗ್ತಾನೆ" ಅಂದರು ಯಾರೋ. ಹಟ ಮಾಡುವ ಮಗು ಕೇಳಿದ್ದು ಕೊಟ್ಟರೆ ಸುಮ್ಮನಾಗುತ್ತದೆ. ಆದರೆ ಇದು ಹಟ ಅಲ್ಲ; ಆ ಹೊತ್ತಿನಲ್ಲಿ ಇವನಿಗೆ ಉಯ್ಯಾಲೆಯೂ ಬೇಡ, ನಾನೂ ಬೇಡ. ಸದ್ದು, ಬೆಳಕು, ಮುಟ್ಟುವುದು ತಡೆಯಲಾರದಷ್ಟು ಜಾಸ್ತಿಯಾದಾಗ ಹೀಗಾಗುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ, ಇಂಥ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ ಡಿಎಸ್ಎಂ-5 ಕೈಪಿಡಿಯಲ್ಲಿ ಸದ್ದು, ಬೆಳಕು, ಸ್ಪರ್ಶ ಹೀಗೆ ಅತಿಯಾಗಿ ತಟ್ಟುವುದನ್ನೂ ಆಟಿಸಂ ಲಕ್ಷಣಗಳಲ್ಲಿ ಸೇರಿಸಿದ್ದಾರೆ.

ಕ್ಯೂ ಬಿಟ್ಟು ಬೇರೆ ಕಡೆ ಕೂತು ಕಾಯಬಹುದಾ ಅಂತ ಗೇಟಿನ ಹತ್ತಿರ ಕೇಳಿಕೊಂಡಾಗ ಅಲ್ಲಿದ್ದ ಒಬ್ಬರು "ನೋಡೋಕೆ ಚೆನ್ನಾಗೇ ಇದ್ದಾನಲ್ಲಾ" ಅಂದುಬಿಟ್ಟರು. ನಾನು ಸುಮ್ನೆ ತಿರುಗಿದೆ. ಅಷ್ಟರಲ್ಲಿ ಅಲ್ಲೇ ಕೆಲಸ ಮಾಡುವ ಹುಡುಗಿಯೊಬ್ಬಳು ಟಿಕೆಟ್ಟಿನ ಹಿಂದೆ 4.20 ಎಂದು ಬರೆದುಕೊಟ್ಟು, "ಆಗ ಬನ್ನಿ ಮೇಡಂ, ನಾನೇ ಕೂರಿಸ್ತೀನಿ" ಅಂದಳು. ಮರದ ಕೆಳಗೆ ಹೋಗಿ ಕೂತೆವು. ಮಗ ಒಮ್ಮೆ ಚೀಟಿ, ಒಮ್ಮೆ ನನ್ನ ಕೈಗಡಿಯಾರ ನೋಡುತ್ತಿದ್ದ. 4.20 ಆದ ಕೂಡಲೇ ಅವನೇ ಎದ್ದು ನನ್ನ ಕೈ ಎಳೆದ.

ಆ ಹುಡುಗಿ ತನ್ನ ಮನಸ್ಸಿಗೆ ತೋಚಿ ಮಾಡಿದ್ದನ್ನು ಪಾರ್ಕ್‌ನವರು ನಿಯಮ ಮಾಡಬೇಕು. ನಾವು ಕ್ಯೂ ಹಾರಿ ಮುಂದೆ ಹೋಗುತ್ತಿಲ್ಲ. ಉಳಿದವರು ಎಷ್ಟು ಹೊತ್ತು ಕಾಯುತ್ತಾರೋ ನಾವೂ ಅಷ್ಟೇ ಹೊತ್ತು ಕಾಯುತ್ತೇವೆ, ಬೇರೆ ಕಡೆ ಕೂತು. ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ 2013ರಿಂದಲೇ ಇಂಥ ಏರ್ಪಾಡಿದೆ. ಅಲ್ಲಿನ ಸೆಸಮಿ ಪ್ಲೇಸ್ ಪಾರ್ಕ್ 2018ರಲ್ಲಿ ಸಿಬ್ಬಂದಿಗೆ ಆಟಿಸಂ ಬಗ್ಗೆ ತರಬೇತಿ ಕೊಡಿಸಿತು. ಯಾವ ಆಟದಲ್ಲಿ ಸದ್ದು ಎಷ್ಟು, ಬೆಳಕು ಎಷ್ಟು ಅಂತ 1ರಿಂದ 10ರವರೆಗೆ ಅಂಕ ಕೊಟ್ಟು ಬೋರ್ಡ್ ಹಾಕಿತು. ಸದ್ದಿಗೆ 9 ಅಂತ ಇದ್ದರೆ ಕಿವಿ ಮುಚ್ಚುವ ಹೆಡ್‌ಫೋನ್ ಮೊದಲೇ ಹಾಕಿಸಬಹುದು, ಅಲ್ವಾ? ಶೌಚಾಲಯದಲ್ಲಿ ಕೈ ಒಣಗಿಸುವ ಮೆಷಿನ್ನಿನ ಪಕ್ಕ ಒಂದಿಷ್ಟು ಟಿಶ್ಯೂ ಇಟ್ಟರೂ ಸಾಕು. ಆ ಮೆಷಿನ್ನಿನ ಸದ್ದಿಗೆ ಹೆದರಿ ನನ್ನ ಮಗ ಇಡೀ ದಿನ ಮೂತ್ರ ತಡೆದುಕೊಂಡಿದ್ದ.

ಮುಂದಿನ ರಜೆಯೊಳಗೆ ಟಿಕೆಟ್ ಕೌಂಟರ್ ಪಕ್ಕ 'ಕಾಯುವ ಚೀಟಿ ಇಲ್ಲಿ ಕೇಳಿ' ಎಂದು ಪಾರ್ಕ್‌ನವರು ಒಂದು ಬೋರ್ಡ್ ಹಾಕಲಿ. ಹತ್ತು ಜನರ ಎದುರು ಮಗನ ಕಥೆಯೆಲ್ಲ ಹೇಳುವುದು ನಮಗೂ ತಪ್ಪುತ್ತದೆ. ಅವನು ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿರುತ್ತಾನೆ.

— ಒಬ್ಬ ತಾಯಿ