ಒಬ್ಬಳೇ ವೇದಿಕೆ ಹತ್ತುವ ಮಗಳಿಗೆ

ಪ್ರೀತಿಯ ಮಗಳೇ,

ಬಾಂದ್ರಾದ ಮೊದಲ ಸೋಲೋ ಶೋಗೆ 45 ನಿಮಿಷ ಕೊಟ್ಟಿದ್ದಾರೆ ಅಂದೆಯಲ್ಲ, ಅಷ್ಟಕ್ಕೆ ಒಂಬತ್ತು ಹಾಡು ಸಾಕು. ನಿನ್ನ ದನಿಯ ಬಗ್ಗೆ ನನಗೆ ಚಿಂತೆಯಿಲ್ಲ. ಇರುವ ಚಿಂತೆಯೆಲ್ಲ ನಿನ್ನ ಬಲಗೈ ಹೆಬ್ಬೆರಳಿನದು. ಬ್ಯಾಂಡಿನಲ್ಲಿ ಬೇಸ್, ಡ್ರಮ್ಸ್ ಎರಡೂ ಹೊತ್ತಿದ್ದ ಭಾರ ಇನ್ನು ಅದರ ಮೇಲೆ.

ಒಂಟಿಯಾಗಿ ಹಾಡಲು ಶುರುಮಾಡಿದವರು ಖಾಲಿ ಜಾಗಕ್ಕೆ ಹೆದರಿ ಆರೂ ತಂತಿಗಳನ್ನು ಒಟ್ಟಿಗೆ ಬಾರಿಸುತ್ತಾರೆ. ಆಗ ಗಿಟಾರ್ ಪದಗಳನ್ನೇ ನುಂಗಿಬಿಡುತ್ತದೆ. ಬ್ಲೂಸ್, ಅಂದರೆ ಆಫ್ರಿಕನ್-ಅಮೆರಿಕನ್ನರ ಆ ಹಾಡಿನ ಬಗೆಯನ್ನು, ಇ ಸ್ವರದಲ್ಲಿ ನುಡಿಸುವಾಗ ಹೆಬ್ಬೆರಳು ಆರನೇ ತಂತಿಯ ಮೇಲೆ ನಾಲ್ಕೂ ಬೀಟಿಗೆ ಬೀಳಲಿ. ಅಂಗೈಯ ಅಂಚು ಬ್ರಿಜ್‌ಗೆ, ತಂತಿಗಳು ಕೂರುವ ಕೆಳಪಟ್ಟಿಗೆ, ಹಗುರಾಗಿ ತಾಗಿರಬೇಕು. ಆಗ ಸ್ವರ ಎಳೆಯದೆ ‘ಧಬ್’ ಅಂತ ಮೊಟಕಾಗಿ ನಿಲ್ಲುತ್ತದೆ, ಡೋಲಿನ ಕೆಲಸವೂ ಆಗುತ್ತದೆ. ಮೇಲಿನ ತಂತಿಗಳಿಗೆ ಎರಡು ಬೆರಳು ಸಾಕು. ಲಯಕ್ಕೆ ಟಿಕ್ ಕೊಡುವ ಮೆಟ್ರೋನೋಮನ್ನು ನಿಮಿಷಕ್ಕೆ 70ಕ್ಕಿಟ್ಟು, ಅದರ ಟಿಕ್ ಅನ್ನು ಒಂದು-ಮೂರಕ್ಕಲ್ಲ, ಎರಡು-ನಾಲ್ಕಕ್ಕೆ ಅಂತ ಎಣಿಸಿಕೋ. ಹಾಡು ಬಂದ ಕೂಡಲೇ ಹೆಬ್ಬೆರಳು ಮಾತಿನ ಲಯಕ್ಕೆ ಜಾರುತ್ತದೆ. ಅದಕ್ಕೆ ಮೊದಲು ಸಾಲುಗಳನ್ನು ಬರೀ ಮಾತಿನಂತೆ ಹೇಳುತ್ತ ನುಡಿಸು, ಆಮೇಲೆ ಹಾಡು.

ಬ್ಲೂಸ್‌ಗೆ ಕನ್ನಡ ಕೂರುವುದಿಲ್ಲ ಎನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ. ಹನ್ನೆರಡು ಬಾರ್‌ಗಳ (ಬಾರ್ ಅಂದರೆ ನಾಲ್ಕು ಬೀಟಿನ ಒಂದು ಸುತ್ತು) ಬ್ಲೂಸ್‌ನಲ್ಲಿ ಮೂರು ಸಾಲು, ಸಾಲಿಗೆ ನಾಲ್ಕು ಬಾರ್. ಸುಮಾರು ಎರಡು ಬಾರ್ ದನಿ, ಉಳಿದೆರಡು ಗಿಟಾರಿನ ಉತ್ತರ. ಬೀಸುವ ಕಲ್ಲಿನ ನಮ್ಮ ತ್ರಿಪದಿಗೂ ಮೂರೇ ಸಾಲು, ನಾಲ್ಕು-ನಾಲ್ಕು-ಮೂರು ಗಣ. ಕೊನೆಯ ಸಾಲಿನಲ್ಲಿ ಒಂದು ಗಣ ಕಡಿಮೆ ನೋಡು: ಹನ್ನೊಂದು, ಹನ್ನೆರಡನೇ ಬಾರ್‌ನ ಟರ್ನ್‌ಅರೌಂಡ್‌ಗೆ, ಮತ್ತೆ ಮೊದಲಿಗೆ ಕರೆದೊಯ್ಯುವ ತಿರುವಿಗೆ, ಜಾಗ ಅಲ್ಲೇ ಸಿಗುತ್ತದೆ. ಬ್ಲೂಸ್‌ನಲ್ಲಿ ಮರಳಿ ಬರುವುದು ಮೊದಲ ಸಾಲು, ತ್ರಿಪದಿ ಹಾಡುವಾಗ ಎರಡನೆಯದು. ಎರಡನ್ನೂ ಮರಳಿಸಲು ಹೋದರೆ ಬಾರ್ ಸಾಲದು. ಹಾಡಿಗೊಂದು ಕ್ರಮ ಆರಿಸಿ ಅದಕ್ಕೇ ನಿಲ್ಲು. ಹಳೆಯ ಪದ ಹಾಡಿದರೆ ಸಾಹಿತ್ಯ ಜನಪದ ಎಂದೇ ಬರೆ, ನಿನ್ನ ಹೆಸರು ಹಾಕಬೇಡ.

ಬೆರಳಿಗೆ ಕೊಳವೆ (ಸ್ಲೈಡ್) ಹಾಕಿ ತಂತಿಯ ಮೇಲೆ ಜಾರಿಸಿ ನುಡಿಸುವ ಹಾಡುಗಳನ್ನು ಪಟ್ಟಿಯ ಕೊನೆಗೆ ಒಟ್ಟಿಗೆ ಇಡು. ಅವಕ್ಕೆ ಬೇಕಾದ ಓಪನ್ ಜಿ ಟ್ಯೂನಿಂಗ್‌ಗೆ (ಏನೂ ಒತ್ತದೆ ಬಾರಿಸಿದರೂ ಜಿ ಕಾರ್ಡ್ ಬರುವ ಶ್ರುತಿ) ಆರನೇ, ಐದನೇ, ಒಂದನೇ ತಂತಿ ತಲಾ ಒಂದು ಪೂರ್ಣ ಸ್ವರ ಇಳಿಯಬೇಕು. ನೇರ ಇಳಿಸಿ ಬಿಟ್ಟರೆ ಕೊರಳಿನ ತುದಿಯ ನಟ್ ಎಂಬ ಪಟ್ಟಿಯಲ್ಲಿ ಸಿಕ್ಕಿಕೊಂಡ ತಂತಿ ಹಾಡಿನ ನಡುವೆ ಜಾರಿ ಶ್ರುತಿ ಕೆಡಿಸುತ್ತದೆ. ಬೇಕಾದ್ದಕ್ಕಿಂತ ತುಸು ಕೆಳಗಿಳಿಸಿ, ಮೇಲಕ್ಕೆ ತಂದು ನಿಲ್ಲಿಸು. ಆಮೇಲೆ ನಾಲ್ಕನೇ ಸ್ವರದ ಕಾರ್ಡ್ ಐದನೇ ಫ್ರೆಟ್‌ನಲ್ಲಿ (ಕೊರಳಿನ ಮೇಲಿನ ಲೋಹದ ಅಡ್ಡಪಟ್ಟಿ), ಐದನೆಯದು ಏಳರಲ್ಲಿ. ಸ್ಲೈಡ್ ಫ್ರೆಟ್‌ನ ಪಟ್ಟಿಯ ನೇರ ಮೇಲೇ ಇರಲಿ, ಹಿಂದೆ ನಿಂತರೆ ಸ್ವರ ತಗ್ಗುತ್ತದೆ.

ಸೌಂಡ್‌ಚೆಕ್‌ನಲ್ಲಿ ಮೊದಲು ದನಿ ಸರಿಮಾಡಿಸು, ಗಿಟಾರನ್ನು ಅದರ ಕೆಳಗೆ ಕೂರಿಸಲಿ. ಮೈಕ್‌ಗೆ ಎರಡು ಬೆರಳಗಲದ ಅಂತರ ಸಾಕು, ಇನ್ನೂ ಹತ್ತಿರ ಹೋದರೆ ತಗ್ಗಿನ ಸ್ವರ ಉಬ್ಬುತ್ತದೆ. ಗಿಟಾರ್ ಗುಯ್‌ಗುಡತೊಡಗಿದರೆ ಸೌಂಡ್‌ಹೋಲ್‌ಗೆ ರಬ್ಬರ್ ಮುಚ್ಚಳ ಹಾಕು, 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಲು ಹೇಳು. ಗಿಟಾರನ್ನು ಮಿಕ್ಸರ್‌ಗೆ ಜೋಡಿಸುವ ಡಿಐ ಬಾಕ್ಸ್ ನಿನ್ನದೇ ಒಯ್ಯಿ. ಕೇಬಲ್ ಚುಚ್ಚಿದ್ದಷ್ಟು ಹೊತ್ತೂ ಗಿಟಾರಿನ ಪಿಕಪ್‌ನ (ತಂತಿಯ ದನಿ ಹಿಡಿಯುವ ಸಾಧನ) 9 ವೋಲ್ಟ್ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಸೌಂಡ್‌ಚೆಕ್ ಮುಗಿದ ಕೂಡಲೇ ಕೇಬಲ್ ಕಿತ್ತುಬಿಡು. ಸತ್ತ ಬ್ಯಾಟರಿಯ ಗುರುತು ಕಿರಿಕಿರಿ, ಬಿರುಕು ಬಿಟ್ಟಂಥ ದನಿ.

ಇದು ಮಳೆಗಾಲ. ಗಿಟಾರ್‌ಗೆ ಬೇಕಾದ ತೇವ ಶೇ. 45ರಿಂದ 55, ಮುಂಬಯಿಯಲ್ಲೀಗ 80 ಸುಲಭವಾಗಿ ದಾಟುತ್ತದೆ. ಮುಂದಿನ ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ, ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿದರೆ ಸ್ವರ ಏರುತ್ತದೆ. ನೆಕ್ ನೆಟ್ಟಗಿದ್ದೂ ಹೀಗಾದರೆ ಅದರೊಳಗಿನ ಲೋಹದ ಸರಳು, ಟ್ರಸ್ ರಾಡ್, ತಿರುವಬೇಡ, ತಪ್ಪು ಅಲ್ಲಿಲ್ಲ. ಗಟ್ಟಿ ಕೇಸ್‌ನಲ್ಲಿ ಸಿಲಿಕಾ ಜೆಲ್ ಇಟ್ಟು ಕೆಲವು ದಿನ ಮುಚ್ಚಿಡು, ತಾನೇ ಇಳಿಯುತ್ತದೆ. ಡೊಂಬಿವಲಿಯಿಂದ ದಾದರ್, ಅಲ್ಲಿ ವೆಸ್ಟರ್ನ್ ಲೈನ್‌ಗೆ ಬದಲಿಸುವಾಗ ಸೇತುವೆಯ ಮೇಲಿನ ನೂಕುನುಗ್ಗಲು ನಿನಗೆ ಗೊತ್ತೇ ಇದೆ. ಮೆತ್ತನೆ ಚೀಲ ಬೇಡವೇ ಬೇಡ, ಮಧ್ಯಾಹ್ನದ ಗಾಡಿಗೇ ಹೊರಡು.

ಹಣದ ಮಾತು. ಸಾಹಿತ್ಯ, ಸಂಗೀತ ಎರಡೂ ನಿನ್ನವೇ ಆದ್ದರಿಂದ ಸಾಹಿತಿ, ಸಂಯೋಜಕರ ರಾಯಧನ ವಸೂಲು ಮಾಡಿಕೊಡುವ ಸಂಸ್ಥೆ ಐಪಿಆರ್‌ಎಸ್‌ನ ಸದಸ್ಯತ್ವಕ್ಕೆ ಅರ್ಜಿ ಹಾಕು. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ, ರೆಕಾರ್ಡಿಂಗ್ ಬಳಕೆಯಾದಾಗ ಸಾಹಿತಿ ಮತ್ತು ಸಂಯೋಜಕರಿಗೆ ಬರಬೇಕಾದ ರಾಯಧನದ ಪಾಲನ್ನು ಕಂಪನಿಗೆ ಬಿಟ್ಟುಕೊಡುವಂತಿಲ್ಲ. ಹಾಗೆ ಬರೆದ ಒಪ್ಪಂದ ನಿಲ್ಲದು. ಆದರೆ ಮಾಸ್ಟರ್ ರೆಕಾರ್ಡಿಂಗ್‌ನ, ಅಂದರೆ ಮೂಲ ಧ್ವನಿಮುದ್ರಣದ, ಹಕ್ಕು ಬೇರೆ, ಅದನ್ನು ಒಂದು ಸಹಿಯಲ್ಲಿ ಕಳೆದುಕೊಳ್ಳಬಹುದು. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದ ಕಾಗದಕ್ಕೆ ಸಹಿ ಹಾಕುವ ಮುಂಚೆ ನನಗೆ ಕಳಿಸು.

ಹೊಸ ತಂತಿಯನ್ನು ಶೋದ ದಿನ ಹಾಕಬೇಡ, ಎರಡು ದಿನ ಮೊದಲೇ ಹಾಕಿ ಚೆನ್ನಾಗಿ ಎಳೆದಿಡು. ವಾದ್ಯದಂಗಡಿಗಳಿರುವ ಧೋಬಿ ತಲಾವ್‌ಗೆ ಹೋದಾಗ ಎರಡು ಸೆಟ್ ತಾ, ಒಂದು ಕೇಸ್‌ನಲ್ಲೇ ಇರಲಿ.

ನಿನ್ನ ಅಪ್ಪ